ಸುನೀಲನ ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಹೋದದ್ದು

"ನಮ್ ಲ್ಯಾಪ್‌ಟಾಪು ಅಂದ್ರೆ ಒಂದೇ ಅಂಕಣದ ಮನೆ ಇದ್ದಂಗೆ ಕಣ್ ದೊಡ್ಡವ್ವ. ಬೇರೆಯೋರ್ದು ತೊಟ್ಟಿ ಮನೆ. ಅವ್ರು ಮದ್ವೆ ವಿಡಿಯೋನೂ ಇಟ್ಕತಾರೆ, ಪಿಚ್ಚರ್ನೂ ಇಟ್ಕತಾರೆ, ಬ್ಯಾಡದ್ದನ್ನ ಅಟ್ಟದ ಮೇಲೆ ಎಸೆದು ಮರ್ತುಬುಡ್ತಾರೆ. ನಂಗೆ ಅಂಗಲ್ಲ. ಒಂದು ಒಳೀಕೆ ಬರ್ಬೇಕು ಅಂದ್ರೆ ಇನ್ನೊಂದು ಆಚೀಕೆ ಓಗ್ಬೇಕು. ಮೂವತ್ತೆರಡು ಜಿಬಿ ಅಂತ ಡಬ್ಬದ ಮೇಲೆ ಬರೆದವ್ರಂತೆ. ಅದ್ರಲ್ಲಿ ಲಿನಕ್ಸೇ ಅರ್ಧ ತಿನ್ಕಂಡು ಕೂತದೆ. ದೊಡ್ಡದು ಆಕ್ಸಣ ಅಂದ್ರೆ ಬಿಚ್ಚಕ್ಕಾಗಲ್ಲ, ಬೋರ್ಡಿಗೇ ಬೆಸ್ದ್ಬುಟ್ಟವ್ರೆ. ಅದ್ಕೇ ವಾರ ವಾರ ಕಳೆ ಕಿತ್ತಂಗೆ ಕಿತ್ತಾಕ್ತೀನಿ. ನಾನೇ ಇಳಿಸ್ಕಂಡಿದ್ ಸಾಫ್ಟ್‌ವೇರ್ ಕಟ್ಟುಗಳು ಕೆಲಸ ಮುಗುದ್ಮೇಲೂ ಅಂಗೇ ಬಿದ್ದಿರ್ತವೆ, ಅವು ಓಗ್ಲಿ. ದಿನಾ ಏನೇನಾಯ್ತು ಅಂತ ಅದೇ ಬರ್ಕಂಡಿರ್ತದೆ, ಅದೂ ಓಗ್ಲಿ. ಕರ್ನಲ್ಲು ಅಂತ ಒಂದದೆ, ಹೊಸದು ಬಂದು ಕೂತ್ರೂ ಹಳೇದು ಜಾಗ ಬಿಡಲ್ಲ, ಅದನ್ನೂ ಎಬ್ಬಿಸಿ ಕಳಿಸ್ತೀನಿ. ಇನ್ನೊಂದು ಕೇಳು ದೊಡ್ಡವ್ವ, ಇರೋ ಬರೋ ಪಟಕ್ಕೆಲ್ಲ ಚಿಕ್ಕ ಚಿಕ್ಕ ನಕಲು ಮಾಡಿಟ್ಕತದೆ, ನೋಡಕ್ಕೆ ಚೆಂದ ಕಾಣ್ಲಿ ಅಂತ. ಯಾರು ನೋಡ್ಬೇಕು ಅದನ್ನ? ನಾನಾ? ಆಟ ಇದ್ವು, ಪ್ರಿಂಟರ್ದು ಇತ್ತು, ಎಲ್ಲ ತೆಗೆದೆ. ಹೊಗೆಸೊಪ್ಪಿನ ಗಿಡಕ್ಕೆ ಹೂ ಬರೋ ಕುಡಿ ಮುರೀತೀವಲ್ಲ, ಅಂಗೆ. ಕುಡಿ ಮುರುದ್ರೇನೆ ಎಲೆ ದಪ್ಪ ಆಗೋದು. ನಮ್ಮಪ್ಪ ಕುಡಿ ಮುರ್ಕಂಡು ಮುಂದೆ ಓಗೋನು, ನಾನು ಹಿಂದ್ಗಡೆ ಮುಟ್ಕಂಡು ಮುಟ್ಕಂಡು ಕಂಕುಳ ಚಿಗುರು ಚಿವುಟೋನು. ಕಣ್ಣಿದ್ದೋರು ಬಿಟ್ಟಿದ್ದೂ ನನ್ ಕೈಗೆ ಸಿಗೋದು. ಅದೇ ಕೈ ಕಣ್ ದೊಡ್ಡವ್ವ ಇದು. ಒಂದೊಂದ್ಸಲ ವಸಿ ಜಾಸ್ತಿನೇ ಮುರುದ್ಬುಡ್ತದೆ."

ಸುನೀಲ್‌ಕುಮಾರ ಇದನ್ನು ಹೇಳಿದ್ದು ನಮ್ಮ ಜಗುಲಿಯ ಮೇಲೆ ಕೂತು. ಅವನದು ಎದುರು ಮನೆ. ಅರಕಲಗೂಡಿನಿಂದ ಗೊರೂರಿಗೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಕ್ಕೆ ಬಂದರೆ ನಮ್ಮ ಊರು. ಮಗುವಾಗಿದ್ದಾಗ ಬಂದ ಒಂದು ಜ್ವರದಲ್ಲಿ ಅವನ ಎರಡು ಕಣ್ಣೂ ಹೋದವು. ತಂದೆ ಬೀರಲಿಂಗಯ್ಯ ಇದ್ದಷ್ಟು ದಿನ ಮಗನನ್ನು ಹೊಲದಲ್ಲಿ ಜೊತೆಗೇ ಇಟ್ಟುಕೊಂಡು ಕೆಲಸ ಕಲಿಸಿದರು, ಆಮೇಲೆ ಅಂಧ ಮಕ್ಕಳ ಶಾಲೆಗೆ ಸೇರಿಸಿದರು. ಸುನೀಲ ಬಿ.ಎ. ಮುಗಿಸಿ ಊರಿಗೆ ಬರುವ ಹೊತ್ತಿಗೆ ಬೀರಲಿಂಗಯ್ಯ ತೀರಿಕೊಂಡಿದ್ದರು. ಈಗ ಹೊಲವನ್ನು ಅರ್ಧ ಬೆಳೆಯ ಲೆಕ್ಕದಲ್ಲಿ ವಾರಕ್ಕೆ ಕೊಟ್ಟಿದ್ದಾರೆ. ಮನೆಯಲ್ಲಿ ತಾಯಿ ಬೈರಮ್ಮ, ಸುನೀಲ, ಒಂದು ಹಸು. ತಂಗಿ ಮಾನಸಾಳನ್ನು ಹೊಳೆನರಸೀಪುರಕ್ಕೆ ಕೊಟ್ಟಿದೆ.

ಆ ಲ್ಯಾಪ್‌ಟಾಪನ್ನು ಓದಿದ ಅಂಧರಿಗೆಂದು ಒಂದು ಟ್ರಸ್ಟಿನವರು ಕೊಟ್ಟಿದ್ದರು. ತಟ್ಟೆಯಷ್ಟು ತೆಳ್ಳಗೆ, ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ. ಅದರಲ್ಲಿ ಮೊದಲು ಇದ್ದ ವ್ಯವಸ್ಥೆಯೇ ಜಾಗವನ್ನೆಲ್ಲ ಹಿಡಿದುಕೊಂಡು ಇವನಿಗೆ ಒಂದು ಕಾಗದ ಬರೆದಿಡಲೂ ಬಿಡುತ್ತಿರಲಿಲ್ಲವಂತೆ. ಚನ್ನರಾಯಪಟ್ಟಣದ ಬಸ್ ನಿಲ್ದಾಣದ ಹಿಂದೆ ರಿಪೇರಿ ಅಂಗಡಿ ಇಟ್ಟಿರುವ ಸಿದ್ದೇಶ ಇವನ ಕಾಲೇಜಿನ ಗೆಳೆಯ. ಅವನು ಅದನ್ನೆಲ್ಲ ತೆಗೆದು ಲಿನಕ್ಸ್ ಎಂಬ ಹಗುರ ವ್ಯವಸ್ಥೆ ಹಾಕಿಕೊಟ್ಟ. ಜೊತೆಗೆ ಓದಿ ಹೇಳುವ ದನಿಯನ್ನೂ ಹಾಕಿದ. ಪರದೆಯ ಮೇಲೆ ಏನು ಬಂದರೂ ಆ ದನಿ ಗಟ್ಟಿಯಾಗಿ ಓದುತ್ತದೆ, ಸುನೀಲ ಕೇಳಿಸಿಕೊಂಡು ಬೆರಳು ಆಡಿಸುತ್ತಾನೆ. ದನಿ ಇದ್ದರೆ ಅವನಿಗೆ ಅದು ಕಂಪ್ಯೂಟರು, ಇಲ್ಲದಿದ್ದರೆ ಒಂದು ತಗಡು.

ಅವನು ಆ ದನಿಯನ್ನು ಎಷ್ಟು ಜೋರಾಗಿ ಓಡಿಸುತ್ತಿದ್ದನೆಂದರೆ ನಮಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಬೈರಮ್ಮನಿಗೆ ಅದನ್ನು ಕಂಡರೆ ಆಗದು.

"ಬಾಣಲೀಲಿ ಜೋಳ ಸಿಡಿದಂಗೆ ಅದೇನ್ಲಾ ಅದು. ಉಸ್ರು ತಗಳಕ್ಕಾದ್ರೂ ಬುಡು ಅದನ್ನ."

"ಅದ್ಕೆ ಉಸ್ರಿಲ್ಲ ಕಣವ್ವ."

"ಅದ್ಕಿಲ್ದಿದ್ರೆ ಕೇಳೋರ್ಗದೆ."

ಅವಳು ಹಾಗೆ ಅಂದರೂ ಆ ಸಿಡಿತ ಕೇಳುತ್ತಿದ್ದರೆ ಮಗ ಕೆಲಸದ ಮೇಲಿದ್ದಾನೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಅದನ್ನು ಕೇಳಿಕೊಂಡೇ ಒಲೆ ಮುಂದೆ ಕೂತಿರುತ್ತಿದ್ದಳು.

ಹೋದ ವರ್ಷ ಹಾಸನದಲ್ಲಿ ಒಂದು ಕೆಲಸಕ್ಕೆ ಪರೀಕ್ಷೆ ಬರೆಯಲು ಹೋಗಿದ್ದ. ಅಲ್ಲಿಯ ಕಂಪ್ಯೂಟರಿನಲ್ಲಿ ಓದಿ ಹೇಳುವ ದನಿ ಇರಲಿಲ್ಲ. ಹಾಕಿಕೊಡಿ ಎಂದು ಕೇಳಿದ್ದಕ್ಕೆ ಅವರು ಅದಕ್ಕೆಲ್ಲ ಮೇಲಿನಿಂದ ಅಪ್ಪಣೆ ಬೇಕು ಅಂದರು. ಹೊತ್ತು ಮುಗಿಯುವವರೆಗೂ ಕೀಲಿಮಣೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದು ಎದ್ದು ಬಂದ. ಬಂದ ಮೇಲೆ ಕೆಲವು ದಿನ ನಮ್ಮ ಜಗುಲಿಗೂ ಬರಲಿಲ್ಲ.

ಈ ಸಲ ಹಾಸನದ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಜಾಗ ಖಾಲಿ ಇತ್ತು. ಬಂದ ಫೋನು ತೆಗೆದು ಮಾತಾಡುವುದು, ಕಾಗದಪತ್ರ ಟೈಪು ಮಾಡುವುದು. ಅವನು ಮೊದಲೇ ಫೋನು ಮಾಡಿ ತನ್ನ ವಿಷಯ ಹೇಳಿದ. ಅವರು, ನಿಮ್ಮ ಲ್ಯಾಪ್‌ಟಾಪನ್ನೇ ತನ್ನಿ, ಅದರಲ್ಲೇ ಟೈಪು ಮಾಡಿ ತೋರಿಸಿ, ಸೋಮವಾರ ಬನ್ನಿ ಅಂದರು. ಮೂವತ್ತು ದಾಟಿದ ಮೇಲೆ ಇಂಥ ಮಾತನ್ನು ಅವನಿಗೆ ಯಾರಾದರೂ ಹೇಳಿದ್ದು ಅದೇ ಮೊದಲು.

"ದೊಡ್ಡವ್ವ, ಈ ಸಲ ಆಗ್ನಿಲ್ಲ ಅಂದ್ರೆ ಮಷೀನ್ಗೆ ಬಾಯಿಲ್ಲ ಅಂತ ಏಳಕ್ಕಾಗಲ್ಲ ನೋಡು. ನಂದೇ ಮಷೀನು. ತಪ್ಪೇನಿದ್ರೂ ನಂದೇ ಆಯ್ತದೆ" ಅಂದಿದ್ದ.

ಅದಕ್ಕೂ ಮೊದಲು ತಂಗಿಯ ಜೊತೆ ಆದ ಜಗಳವನ್ನು ಹೇಳಬೇಕು. ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಮ್ಮಲ್ಲಿ ಮಗುವಿಗೆ ಕಿವಿ ಚುಚ್ಚಿಸುವಾಗ ಸೋದರಮಾವನ ತೊಡೆಯ ಮೇಲೆ ಕೂರಿಸುತ್ತಾರೆ. ಮಾನಸಾಳ ಮಗಳು ಶೋಭಿತಾಳಿಗೆ ಕಿವಿ ಚುಚ್ಚಿಸುವ ದಿನ ಅವಳ ಅತ್ತೆ, ಕಣ್ಣಿಲ್ಲದವನ ತೊಡೆ ಮೇಲೆ ಬೇಡ, ಮಗು ಒದ್ದಾಡಿದರೆ ಹಿಡಿದುಕೊಳ್ಳಲು ಆಗುವುದಿಲ್ಲ, ಮಾನಸಾಳ ಚಿಕ್ಕಪ್ಪನ ಮಗ ಯಾರಾದರೂ ಕೂರಲಿ ಅಂದರಂತೆ. ಮಾನಸಾ ಕೇಳಲಿಲ್ಲ. ನನ್ನಣ್ಣ ಬರದೆ ಮಗಳ ಕಿವಿ ಮುಟ್ಟಿಸುವುದಿಲ್ಲ ಎಂದು ಹಟ ಹಿಡಿದು ಸುನೀಲನ ತೊಡೆಯ ಮೇಲೇ ಕೂರಿಸಿದಳು. ಅವಳ ಗಂಡ ಅವಳ ಫೋನಿನಲ್ಲಿ ವಿಡಿಯೋ ತೆಗೆದ. ಫೋನು ತುಂಬಿಹೋಗಿತ್ತೆಂದು ಆ ವಿಡಿಯೋವನ್ನು ಅಣ್ಣನ ಲ್ಯಾಪ್‌ಟಾಪಿಗೆ ಹಾಕಿಟ್ಟು ಹೋದಳು. ಆಮೇಲೆ ಆ ಫೋನು ಮಗುವಿನ ಕೈಯಿಂದ ಬಿದ್ದು ಒಡೆಯಿತು.

ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಳ್ಳಲು ತವರಿಗೆ ಬಂದಾಗ ಹೊಸ ಫೋನಿಗೆ ಅದನ್ನು ಹಾಕಿಕೊಡು ಅಂದಳು. ನಾನು ಅಲ್ಲೇ ಬಾಗಿಲ ಬಳಿ ಕೂತಿದ್ದೆ.

"ತೆಗೆದ್ಬುಟ್ಟೆ ಕಣೆ" ಅಂದ ಸುನೀಲ.

"ಏನು ತೆಗೆದೆ?"

"ವಿಡಿಯೋನ. ಜಾಗ ಇರ್ನಿಲ್ಲ. ಇರೋದ್ರಾಗೆಲ್ಲ ಅದೇ ದೊಡ್ಡದಿತ್ತು. ನಿನ್ ಫೋನಾಗೆ ಇದ್ದೇ ಇರ್ತದೆ ಅಂದ್ಕಂಡೆ."

"ಫೋನು ಒಡೆದೋಯ್ತು ಅಂತ ನಿಂಗೆ ಏಳಿರ್ನಿಲ್ವಾ?"

"ಫೋನು ಓಯ್ತು ಅಂದೆ. ವಿಡಿಯೋನೂ ಓಯ್ತು ಅಂದ್ಯಾ?"

"ಒಂದ್ ಮಾತು ಕೇಳ್ಬಾರ್ದಿತ್ತಾ ಅಣ್ಣ?"

"ಅದ್ರಾಗೆ ಏನಿತ್ತು ಮಾನಸಾ, ಮಗ ಅಳೋದು, ಜನ ಗಲಾಟೆ ಮಾಡೋದು. ಅಷ್ಟೇ ತಾನೆ ಇದ್ದಿದ್ದು."

"ನಿಂಗೆ ಅಷ್ಟೇ ಇತ್ತು" ಅಂದಳು ಮಾನಸಾ. "ನಮ್ಮತ್ತೆ ಬ್ಯಾಡ ಬ್ಯಾಡ ಅಂದ್ರೂ ನಿನ್ ತೊಡೆ ಮೇಲೆ ಕೂರಿಸ್ದೆ. ಮಗ ಒಂಚೂರೂ ಅಲ್ಲಾಡ್ದಂಗೆ ಹಿಡ್ಕಂಡಿದ್ದೆ ನೀನು. ನಮ್ಮತ್ತೆಗೆ ಎಷ್ಟು ಸಲ ಅದನ್ನ ಹಾಕಿ ತೋರಿಸ್ಬೇಕು ಅಂತಿದ್ದೆ."

ಸುನೀಲ ಸಿದ್ದೇಶನಿಗೆ ಫೋನು ಮಾಡಿ ವಾಪಸ್ಸು ತರಲು ಆಗುತ್ತದೆಯೇ ಎಂದು ಕೇಳಿದ. ಅದರ ಮೇಲೆ ಬೇರೆಯದು ಬರೆದುಕೊಂಡು ಬಹಳ ದಿನವಾಗಿರುತ್ತದೆ, ಸಿಗುವುದಿಲ್ಲ ಎಂದು ಸಿದ್ದೇಶ ಹೇಳಿದ. ಮಾನಸಾ ಬಾಗಿನದ ಮೊರವನ್ನು ಚೀಲಕ್ಕೆ ಹಾಕಿಕೊಂಡು ಊಟವನ್ನೂ ಮಾಡದೆ ಬಸ್ಸಿಗೆ ಹೋದಳು. ಅಲ್ಲಿಂದ ಮೇಲೆ ಅಮ್ಮನಿಗೆ ಮಾತ್ರ ಫೋನು ಮಾಡುತ್ತಿದ್ದಳು. ಅಣ್ಣನಿಗೆ ಕೊಡು ಅನ್ನುತ್ತಿರಲಿಲ್ಲ, ಅವನೂ ಕೇಳುತ್ತಿರಲಿಲ್ಲ.

ಪರೀಕ್ಷೆ ಸೋಮವಾರ ಅಂದರೆ ಹಿಂದಿನ ಶುಕ್ರವಾರ ಮಧ್ಯಾಹ್ನ ಆ ಕಾಲೇಜಿನಿಂದ ಮತ್ತೆ ಫೋನು ಬಂತು. ಕಾಗದ ಬರೆಯುವ ಆಫೀಸು ತಂತ್ರಾಂಶ ಹೊಸದಾಗಿರಲಿ, ಹಳೆಯದರಲ್ಲಿ ನಮ್ಮ ಕಡತ ಸರಿಯಾಗಿ ತೆರೆಯುವುದಿಲ್ಲ ಅಂದರಂತೆ. ಸುನೀಲ ಪಂಚಾಯಿತಿ ಆಫೀಸಿನ ವೈಫೈಯಲ್ಲಿ ಹೊಸದನ್ನು ಇಳಿಸಿಕೊಳ್ಳಲು ಕೂತ. ಅರ್ಧ ಇಳಿದು ಜಾಗವಿಲ್ಲವೆಂದು ನಿಂತಿತು. ಏನು ತೆಗೆಯುವುದೆಂದು ಅವನು ಹುಡುಕಿದ. ತೆಗೆಯುವುದನ್ನೆಲ್ಲ ಮೊದಲೇ ತೆಗೆದಾಗಿತ್ತು, ಬಿ.ಎ. ಪಾಠಗಳನ್ನು ತೆಗೆಯಲು ಮನಸ್ಸು ಬರಲಿಲ್ಲ.

ಕೊನೆಗೆ ಅವನ ಕೈಗೆ ಸಿಕ್ಕಿದ್ದು ಬೇರೆ ಬೇರೆ ಭಾಷೆಗಳ ದನಿಗಳ ಕಟ್ಟು. ಚೀನಾದವರದು, ರಷ್ಯಾದವರದು, ಹೆಸರೇ ಕೇಳದವರದು, ಎಲ್ಲ ಅದರಲ್ಲಿದ್ದವು. ನಾನು ಕೇಳುವುದು ಕನ್ನಡ ಇಂಗ್ಲಿಷು ಎರಡೇ, ಇಷ್ಟೊಂದು ಯಾಕೆ ಅಂದುಕೊಂಡ. ತೆಗೆ ಎಂದು ಬರೆದು ಒತ್ತಿದ. ಇದನ್ನು ತೆಗೆದರೆ ಇದರ ಜೊತೆ ಇವೂ ಹೋಗುತ್ತವೆ, ಆಗಬಹುದೇ ಎಂದು ಯಂತ್ರ ಒಂದು ಪಟ್ಟಿ ಓದಲು ಶುರು ಮಾಡಿತು. ಯಾವಾಗಲೂ ಓದುವಂಥದ್ದೇ ಪಟ್ಟಿ.

"ಅರ್ಧಕ್ಕೇ ಬಾಯಿ ಮುಚ್ಚಿಸ್ದೆ ದೊಡ್ಡವ್ವ. ಪೂರ್ತಿ ಕೇಳ್ನಿಲ್ಲ. ಹೂಂ ಅಂತ ಒತ್ಬುಟ್ಟೆ" ಎಂದು ಆಮೇಲೆ ಹೇಳಿದ.

ಆಗಿದ್ದು ಏನೆಂದರೆ, ಆ ದನಿಗಳೆಲ್ಲ ಒಂದೇ ಬೇರಿನವು. ಅವನ ದನಿಯೂ ಅದರಲ್ಲೇ ಇತ್ತು. ಓದಿ ಹೇಳುವ ತಂತ್ರಾಂಶವೂ ಅದನ್ನೇ ನಂಬಿಕೊಂಡಿತ್ತು. ಪಟ್ಟಿಯ ಕೊನೆಯಲ್ಲಿ ಅದರ ಹೆಸರು ಇತ್ತು. ಆದರೆ ಎಲ್ಲ ತೆಗೆದ ಮೇಲೂ ಅವತ್ತು ಸಂಜೆವರೆಗೆ ಅದು ಮಾತಾಡಿತು. ಹೊತ್ತಿಸಿದ್ದನ್ನು ಆರಿಸುವವರೆಗೂ ನೆನಪಿನಲ್ಲಿ ಇರುತ್ತದಂತೆ. ಹಾಗಾಗಿ ಅವನಿಗೆ ಗೊತ್ತಾಗಲಿಲ್ಲ. ಸಿಕ್ಕ ಜಾಗಕ್ಕೆ ಹೊಸ ತಂತ್ರಾಂಶವನ್ನು ಮತ್ತೆ ಇಳಿಸಿದ, ಅದೂ ತುಂಬಿ ಅರ್ಧಕ್ಕೇ ನಿಂತಿತು. ಹಸುವಿಗೆ ಹುಲ್ಲು ಹಾಕುವ ಹೊತ್ತಾಯಿತೆಂದು ಮುಚ್ಚಿಟ್ಟ.

ಶನಿವಾರ ಬೆಳಿಗ್ಗೆ ಬೈರಮ್ಮ ನಮ್ಮ ಮನೆಗೆ ಬಂದಳು.

"ಅಕ್ಕ, ಅದು ಮಾತಾಡ್ತಿಲ್ಲ" ಅಂದಳು.

ನಾನು ಹೋದಾಗ ಸುನೀಲ ಲ್ಯಾಪ್‌ಟಾಪಿನ ಮುಂದೆ ಕೂತು ಒಂದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಿದ್ದ. ಪರದೆ ಹೊತ್ತಿಕೊಂಡಿತ್ತು, ಬೆಳಕು ಅವನ ಮುಖದ ಮೇಲೆ ಬಿದ್ದಿತ್ತು. ಅವನಿಗೆ ಅದು ಹೊತ್ತಿಕೊಂಡಿದೆಯೋ ಇಲ್ಲವೋ ತಿಳಿಯದು.

"ದೊಡ್ಡವ್ವ, ಬೆಳಕು ಬಂದದಾ?"

"ಬಂದದೆ ಕಣಪ್ಪ."

"ಸರಿ ಅಂಗಾರೆ ಮಷೀನು ಬದುಕದೆ. ಬಾಯಿ ಮಾತ್ರ ಸತ್ತದೆ."

ಸಿದ್ದೇಶನಿಗೆ ಫೋನು ಮಾಡಿದ. ಸುನೀಲನದು ಗುಂಡಿಗಳಿರುವ ಫೋನು, ಮಾತು ಆಚೆ ಕೇಳುವಂತೆ ಮಾಡಿ ಮಣೆಯ ಮೇಲಿಟ್ಟ. ಸಿದ್ದೇಶ ಯಾವುದೋ ಬೀಗರೂಟದಲ್ಲಿ ಇದ್ದ. ಹಿಂದೆ ಮಂದಿಯ ಗದ್ದಲ.

"ಲೇ ಸುನೀಲಾ, ಬಾಯಿ ಇಲ್ಲ ಅಂದ್ರೆ ಆ ಕಟ್ಟು ತೆಗೆದ್ಯಾ ನೀನು?"

"ತೆಗೆದೆ ಕಣ್ಲಾ."

"ಪಟ್ಟಿ ಓದ್ನಿಲ್ವಾ?"

"ಓದ್ತು. ನಾನ್ ಕೇಳ್ನಿಲ್ಲ."

"ಥೂ ನಿನ್ನ. ಅಂಗಡಿ ತೆಗೆಯೋದು ಮಂಗಳವಾರ ಕಣ್ಲಾ. ನಾನಿಲ್ಲಿ ಹೆಂಡ್ತಿ ಕಡೆಯೋರ ಜೊತೆ ಸಿಕ್ಕಾಕ್ಕಂಡಿದ್ದೀನಿ. ಇಂಟರ್ನೆಟ್ ಸಿಕ್ಸಿ ಮತ್ತೆ ಹಾಕೋದೇನ್ ಕಷ್ಟ ಇಲ್ಲ. ಬರಿಯೋದು ನಿಂಗೇ ಬತ್ತದೆ. ಆದ್ರೆ ಅದೇನು ಜವಾಬು ಕೊಡ್ತದೆ ಅಂತ ಯಾರಾದ್ರೂ ಓದಿ ಏಳ್ಬೇಕು. ಯಾರವ್ರೆ ಅಲ್ಲಿ?"

"ಅವ್ವ ಅವ್ಳೆ, ದೊಡ್ಡವ್ವ ಅವ್ರೆ."

ಓದುವವರು ಯಾರಾದರೂ ಸಿಕ್ಕರೆ ಮಾಡು ಎಂದು ಸಿದ್ದೇಶ ಫೋನು ಇಟ್ಟ. ಬೈರಮ್ಮನಿಗೆ ಓದು ಇಲ್ಲ. ನನಗೆ ಕನ್ನಡದ ಅಕ್ಷರ ಬಿಟ್ಟರೆ ಬೇರೆ ಬಾರದು.

ಆದರೂ ಸುನೀಲ ಕಾಣದ ಪರದೆಯ ಮೇಲೆ ಪಾಸ್‌ವರ್ಡಿನ ಗುಟ್ಟಿನ ಅಕ್ಷರ ಒತ್ತಿ ಒಳಕ್ಕೆ ಹೋದ. ಇನ್ನೇನೋ ಒತ್ತಿ ಕಪ್ಪು ಹಲಗೆಯಂಥದ್ದನ್ನು ತೆರೆದ. ಬರೆದ.

"ಅವ್ವ, ಏನ್ ಬಂತು ನೋಡು."

ಬೈರಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ಬಗ್ಗಿ ನೋಡಿದಳು.

"ಕರೀ ಹಲಗೆ ಮ್ಯಾಲೆ ಬೆಳ್ಳಗೆ ಬಂದದೆ ಮಗ."

"ಉದ್ದ ಸಾಲಾ, ಚಿಕ್ಕ ಸಾಲಾ?"

"ಒಂದು ಉದ್ದ, ಅದರ ಕೆಳಗೆ ಗಿಡ್ಡ. ಇರುವೆ ಸಾಲು ಓದಂಗೆ."

"ಕೊನೇದು ಏನದೆ?"

"ಕೊನೇಲಿ ಒಂದು ಗೀಟು ಮಿಣುಕ್ ಮಿಣುಕ್ ಅಂತದೆ. ಅದು ನಿನ್ನ ಕರೀತಾ ಅದೇನೋ ಮಗ."

"ಅದು ನಾನ್ ಬರೀಲಿ ಅಂತ ಕಾಯ್ತಾ ಅದೆ" ಅಂದ ಸುನೀಲ. "ಬರೆದಿದ್ದು ಸರಿ ಓಯ್ತಾ ತಪ್ಪೋಯ್ತಾ ಅಂತ ಹೆಂಗ್ ತಿಳೀಲವ್ವ?"

ಬೈರಮ್ಮ ಅವನ ಮುಖ ನೋಡಿದಳು. ತಾನು ಓದಲಿಲ್ಲವೆಂದು ಅವಳು ಎಂದೂ ಬೇಸರ ಪಟ್ಟಿದ್ದನ್ನು ನಾನು ಕಂಡಿರಲಿಲ್ಲ. ಅವತ್ತು ಕಂಡೆ.

ಮಧ್ಯಾಹ್ನ ಕೆಳಗಿನ ಬೀದಿಯ ಅಶೋಕನನ್ನು ಕರೆಸಿದೆವು. ಡಿಗ್ರಿ ಓದಿ ಶುಂಠಿ ವ್ಯಾಪಾರ ಮಾಡುವ ಹುಡುಗ. ಅವನು ಬಂದವನೇ ಲ್ಯಾಪ್‌ಟಾಪನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡ.

"ಸುನೀಲಣ್ಣ, ಇದೇನಣ್ಣ ಇದು, ಇಂಥದ್ನೆಲ್ಲ ಯಾರು ಇಟ್ಕತಾರೆ. ಪೂರ್ತಿ ಅಳಿಸ್ಬುಟ್ಟು ವಿಂಡೋಸ್ ಆಕ್ಸು."

"ಅಶೋಕ, ಮುಟ್ಬ್ಯಾಡ. ಏನ್ ಬರೆದದೆ ಅದನ್ನ ಓದು ಅಷ್ಟೇ."

"ಓದೋದೇನಣ್ಣ, ಇಲ್ಲಿ ಒತ್ತುದ್ರೆ ಆಯ್ತದೆ ಅನ್ಸುತ್ತೆ."

"ಒತ್ಬ್ಯಾಡ ಅಂದ್ನಲ್ಲ."

ಟಕ್ ಎಂದು ಒತ್ತಿದ ಸದ್ದು ಕೇಳಿತು. ಸುನೀಲ ಕೈ ಚಾಚಿ ಲ್ಯಾಪ್‌ಟಾಪಿನ ಮುಚ್ಚಳವನ್ನು ಅಶೋಕನ ಬೆರಳಿನ ಮೇಲೇ ಮುಚ್ಚಿದ. ಅಶೋಕ ಮುನಿಸಿಕೊಂಡು ಎದ್ದು ಹೋದ.

"ಒಳ್ಳೇದು ಮಾಡಕ್ಕೆ ಬಂದೋನ್ಗೆ ಅಂಗ್ ಮಾಡ್ತಾರೇನ್ಲಾ?" ಅಂದಳು ಬೈರಮ್ಮ.

"ಅವ್ನು ಓದಲ್ಲ ಅವ್ವ, ಅಂದಾಜು ಮಾಡ್ತಾನೆ. ನಂಗೆ ಇದ್ದಿದ್ದು ಇದ್ದಂಗೆ ಓದೋರು ಬೇಕು. ಕೊನೇವರ್ಗೂ."

ಹಾಗೆ ಓದುವವರು ಒಬ್ಬರೇ ಇದ್ದರು. ಶಾಲೆಯ ರಜೆಗೆ ಅವನು ಊರಿಗೆ ಬಂದಾಗಲೆಲ್ಲ ಮಾನಸಾ ಅವನಿಗೆ ಪುಸ್ತಕ ಓದಿ ಹೇಳುತ್ತಿದ್ದಳು. ಇಂಗ್ಲಿಷಿನ ಪದ ಬಾರದಿದ್ದರೆ ಒಂದೊಂದೇ ಅಕ್ಷರ ಹೇಳುತ್ತಿದ್ದಳು, ಚುಕ್ಕೆ ಬಂದರೆ ಚುಕ್ಕೆ ಅನ್ನುತ್ತಿದ್ದಳು. ಅದು ಬೈರಮ್ಮನಿಗೂ ಗೊತ್ತು, ನನಗೂ ಗೊತ್ತು. ಸುನೀಲನ ಬಾಯಿಂದ ಮಾತ್ರ ಆ ಹೆಸರು ಬರಲಿಲ್ಲ.

"ಅವ್ಳಿಗೆ ಮಾಡ್ಲಾ ಫೋನು" ಅಂದಳು ಬೈರಮ್ಮ.

"ಯಾವ್ ಮುಖ ಇಟ್ಕಂಡು ಮಾಡ್ಲಿ?"

"ಇರೋ ಮುಖ ಇಟ್ಕಂಡು ಮಾಡು. ನಾಡಿದ್ದು ಸೋಮವಾರ."

ಅವನು ಮಾಡಿದ. ಗಂಟೆ ಹೊಡೆದು ಹೊಡೆದು ನಿಂತಿತು. ಸ್ವಲ್ಪ ತಡೆದು ಮತ್ತೆ ಮಾಡಿದ. ಆಗಲೂ ಎತ್ತಲಿಲ್ಲ. ಬೈರಮ್ಮ ತನ್ನ ಫೋನಿನಿಂದ ಮಾಡಿದಾಗ ಎತ್ತಿದಳು. ತಾಯಿ ಹೇಳಿದ್ದನ್ನೆಲ್ಲ ಕೇಳಿ, "ನಂಗೆ ಮನೇಲಿ ಕೆಲ್ಸ ಅದೆ ಅವ್ವ, ನೋಡ್ತೀನಿ" ಎಂದು ಇಟ್ಟಳು. ಸುನೀಲ ಪಕ್ಕದಲ್ಲೇ ಇದ್ದ, ಅವನಿಗೂ ಕೇಳಿಸಿತು. ಅವತ್ತು ಅವನು ಮುದ್ದೆ ಮುರಿದಿಟ್ಟುಕೊಂಡು ಉಣ್ಣಲೇ ಇಲ್ಲವಂತೆ.

ಭಾನುವಾರ ಬೆಳಿಗ್ಗೆ ಹೊಳೆನರಸೀಪುರದ ಕಡೆಯ ಬಸ್ಸಿನಿಂದ ಮಾನಸಾ ಇಳಿದಳು. ಮಗುವನ್ನು ಕರೆತಂದಿರಲಿಲ್ಲ. ಚಪ್ಪಲಿ ಬಿಟ್ಟು ಒಳಕ್ಕೆ ಬಂದು, ಅಣ್ಣನನ್ನು ಚೆನ್ನಾಗಿದ್ದೀಯಾ ಎಂದೂ ಕೇಳದೆ ಚಾಪೆಯ ಮೇಲೆ ಕೂತಳು.

"ತೆಗಿ ಎಲ್ಲಿ" ಅಂದಳು.

ಅವಳ ಫೋನಿಗೂ ಲ್ಯಾಪ್‌ಟಾಪಿಗೂ ತಂತಿ ಹಾಕಿ ಇಂಟರ್ನೆಟ್ ಸಿಗುವ ಹಾಗೆ ಮಾಡಿಕೊಂಡರು. ಸುನೀಲ ಬರೆದ, ಮಾನಸಾ ಓದಿದಳು. ಅವನು ಒಂದು ಅಕ್ಷರ ತಪ್ಪು ಒತ್ತಿದ್ದನ್ನು ಅಲ್ಲೇ ಹಿಡಿದಳು. ತಿದ್ದಿ ಮತ್ತೆ ಒತ್ತಿದ.

"ಏನಂತದೆ?"

"ಜಾಗ ಇಲ್ವಂತೆ."

ಬೈರಮ್ಮ ಒಲೆಯ ಕಡೆಗೆ ತಿರುಗಿದಳು. ಸುನೀಲ ಶುಕ್ರವಾರ ಅರ್ಧಕ್ಕೆ ಇಳಿದು ನಿಂತಿದ್ದ ಕಟ್ಟುಗಳನ್ನು ತೆಗೆಯಲು ಬರೆದ. ಯಂತ್ರ ಪಟ್ಟಿ ಕೊಟ್ಟಿತು. ಮಾನಸಾ ಒಂದೊಂದೇ ಹೆಸರು ಓದತೊಡಗಿದಳು.

"ಸಾಕು, ಒತ್ತೀನಿ" ಅಂದ ಸುನೀಲ.

"ಸಾಕಲ್ಲ. ಪೂರ್ತಿ ಕೇಳು."

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಅವಳು ಕೊನೆಯವರೆಗೂ ಓದಿದಳು. ಅವನು ಹೂಂ ಅಂದ ಮೇಲೆ, "ಈಗ ಒತ್ತು" ಅಂದಳು.

ಇಳಿಸುವುದಕ್ಕೂ ಬಿಚ್ಚಿ ಹಾಕುವುದಕ್ಕೂ ಎರಡಕ್ಕೂ ಬೇಕಂತೆ, ಅದು ಹೋದ ಮೇಲೂ ಜಾಗ ಸ್ವಲ್ಪ ಸಾಲದೆ ಬಂತು. ಇನ್ನೇನಿದೆ ನೋಡು ಅಂದ. ಅವಳು ಅವನ ಕಡತಗಳನ್ನೆಲ್ಲ ಓದುತ್ತಾ ಹೋದಳು. ಟೈಪು ಅಭ್ಯಾಸದ್ದು, ಅರ್ಜಿಗಳದ್ದು, ಬಿ.ಎ. ಓದುವಾಗ ಕೇಳುತ್ತಿದ್ದ ಪಾಠಗಳದ್ದು. ಅಲ್ಲಿಗೆ ಮುಗಿಯಿತು.

"ಇಷ್ಟೇನಾ?" ಅಂದಳು. "ನಿಂದು ಅಂತ ಒಂದು ಹಾಡೂ ಇಟ್ಕಂಡಿಲ್ವಲ್ಲೋ."

"ಹಾಡು ರೇಡಿಯೋದಾಗೆ ಬತ್ತದೆ."

ಮಾನಸಾ ಪಟ್ಟಿಯನ್ನು ಮತ್ತೆ ಮೇಲಿನಿಂದ ನೋಡಿದಳು.

"ಪಾಠಗಳದ್ದು ತೆಗಿ" ಅಂದ ಸುನೀಲ. "ಅದು ದೊಡ್ಡದದೆ."

"ತೆಗೀಲಾ? ಕೇಳ್ತಾ ಇದ್ದೀನಿ. ನಾನು ಕೇಳ್ಬುಟ್ಟೇ ತೆಗೆಯೋಳು."

ಮಾತು ನಾಟಿತು. ಸುನೀಲ ತಲೆ ತಗ್ಗಿಸಿದ. "ತೆಗಿ" ಅಂದ.

ಇಳಿಯಲು ಬಹಳ ಹೊತ್ತಾಯಿತು. ನಮ್ಮ ಊರಲ್ಲಿ ಸಿಗ್ನಲ್ಲು ನೆಟ್ಟಗಿರುವುದಿಲ್ಲ. ಮಾನಸಾ ಫೋನನ್ನು ತಂತಿಯ ಸಮೇತ ಕಿಟಕಿಯ ಸರಳಿಗೆ ಸಿಕ್ಕಿಸಿ ಹಿಡಿದುಕೊಂಡು ನಿಂತಿದ್ದಳು. ಎಲ್ಲ ಆದ ಮೇಲೆ ಆರಿಸಿ ಮತ್ತೆ ಹೊತ್ತಿಸಿದರು. ಸುನೀಲ ಗುಟ್ಟಿನ ಅಕ್ಷರ ಒತ್ತಿ, ದನಿಯನ್ನು ಎಬ್ಬಿಸುವ ಗುಂಡಿಗಳನ್ನು ಒತ್ತಿದ. ಮೊದಲು ಏನೂ ಇಲ್ಲ. ಆಮೇಲೆ ದನಿ ಬಂತು, ಇಂಗ್ಲಿಷಿನಲ್ಲಿ, ನಿಧಾನಕ್ಕೆ, ಸಣ್ಣ ಮಕ್ಕಳಿಗೆ ಪಾಠ ಹೇಳುವ ಹಾಗೆ. ಅವನು ಮೊದಲು ಇಟ್ಟುಕೊಂಡಿದ್ದ ಓಟವೆಲ್ಲ ಹೋಗಿತ್ತು.

ಬೈರಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು. "ಇವತ್ತು ಉಸ್ರು ತಗತಾ ಅದೆ" ಅಂದಳು.

ಸುನೀಲ ಅದನ್ನು ಕನ್ನಡಕ್ಕೆ ತಿರುಗಿಸಿ ಓಟವನ್ನು ಮತ್ತೆ ಹೆಚ್ಚಿಸಿಕೊಂಡ. ಆಫೀಸಿನ ಹೊಸ ತಂತ್ರಾಂಶಕ್ಕೆ ಮಾತ್ರ ಜಾಗವಾಗಲಿಲ್ಲ. ಹಳೆಯದರಲ್ಲೇ ಹೋಗುವುದೆಂದಾಯಿತು.

ಮಾನಸಾ ರೊಟ್ಟಿ ತಿಂದಳು. ಕೈ ತೊಳೆದು ಬರುವಾಗ ಸುನೀಲ ಗೋಡೆ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದ.

"ಮಾನಸಾ, ಆ ವಿಡಿಯೋ..."

"ಅದು ಓಯ್ತು ಅಣ್ಣ. ಅದನ್ನ ಈಗ ಮಾತಾಡ್ಬ್ಯಾಡ. ನಾಳೆದು ನೋಡ್ಕ."

"ಮಗೀನ ಕರ್ಕಂಡ್ ಬರ್ಬೋದಾಗಿತ್ತು."

"ಮುಂದೆ ನೋಡಣ" ಅಂದಳು. ಹೋಗುವಾಗ ಅವನ ಹೆಗಲಿನ ಮೇಲೆ ಕೈಯನ್ನೇನೋ ಇಟ್ಟಳು. ಆದರೆ ಮುಂದೆ ಅಂದದ್ದು ಯಾವಾಗ ಎಂದು ಹೇಳಲಿಲ್ಲ.

ಸೋಮವಾರ ಬೈರಮ್ಮನೇ ಮಗನ ಜೊತೆ ಹಾಸನಕ್ಕೆ ಹೋದಳು. ಅಲ್ಲಿ ನಡೆದದ್ದನ್ನು ಬಂದ ಮೇಲೆ ಇಬ್ಬರೂ ಹೇಳಿದರು. ಆಫೀಸಿನ ಮೇಲ್ವಿಚಾರಕರು ಒಂದು ಕಾಗದ ಓದಿ ಹೇಳಿದರಂತೆ, ಇವನು ಟೈಪು ಮಾಡಿದ. ಒಂದೂ ತಪ್ಪಿರಲಿಲ್ಲವಂತೆ. ಇಂಗ್ಲಿಷಿನಲ್ಲೊಂದು ಓದಿದರು, ಅದನ್ನೂ ಮಾಡಿದ. ಫೋನಿನಲ್ಲಿ ಮಾತಾಡಿಸಿದರು, ಅದೂ ಆಯಿತು. ಅವರು ಕಳಿಸಿದ ಕಡತ ಹಳೆಯ ತಂತ್ರಾಂಶದಲ್ಲಿ ಅಡ್ಡಾದಿಡ್ಡಿ ತೆರೆದರೂ ಹೇಗೋ ಸರಿ ಮಾಡಿಕೊಂಡ.

ಕೊನೆಗೆ ಅವರು ಕೇಳಿದರಂತೆ, ನಮ್ಮ ಕಾಲೇಜಿನ ಮಕ್ಕಳ ವಿವರವೆಲ್ಲ ಇರುವ ತಂತ್ರಾಂಶವನ್ನು ಇದರಲ್ಲೇ ಹಾಕಬೇಕಾಗುತ್ತದೆ, ಜಾಗ ಎಷ್ಟಿದೆ?

"ಸುಳ್ ಏಳ್ಬೋದಿತ್ತು" ಅಂದ ಸುನೀಲ. "ಅವ್ರು ಇನ್ನೇನು ತೆಗೆದು ನೋಡ್ತಿರ್ನಿಲ್ಲ."

"ಏನಂದೆ ಮತ್ತೆ?" ಎಂದು ಕೇಳಿದೆ.

"ಜಾಗ ಇಲ್ಲ ಸಾ ಅಂದೆ. ಇರೋದ್ರಲ್ಲಿ ದನಿ ಒಂದು ಇಟ್ಕಂಡಿದ್ದೀನಿ, ಇನ್ನೇನೂ ಇಡಕ್ಕಾಗಲ್ಲ ಸಾ ಅಂದೆ."

ನೋಡಿ ಹೇಳುತ್ತೇವೆ ಎಂದು ಕಳಿಸಿದರು. ಆ ವಾರವೆಲ್ಲ ಅವನು ಫೋನನ್ನು ಜೇಬಿನಿಂದ ಆಚೆ ಇಡಲಿಲ್ಲ. ದನದ ಕೊಟ್ಟಿಗೆಗೆ ಹೋದರೂ ಜೊತೆಯಲ್ಲೇ ಇತ್ತು. ಬೈರಮ್ಮ ಅವನಿಗೆ ಗೊತ್ತಾಗದಂತೆ ದೇವರ ಗೂಡಿನ ಮುಂದೆ ಕೈ ಮುಗಿದು ಬರುತ್ತಿದ್ದಳು. ಅವನಿಗೆ ಅದು ಬಳೆ ಸದ್ದಿನಲ್ಲೇ ತಿಳಿಯುತ್ತಿತ್ತು, ಆದರೂ ತಿಳಿಯದವನ ಹಾಗೆ ಇರುತ್ತಿದ್ದ.

ಫೋನು ಬಂದದ್ದು ಒಂದು ಸಂಜೆ. ನಾನು ಹಾಲಿನ ಕ್ಯಾನು ಹಿಡಿದುಕೊಂಡು ಅವರ ಅಂಗಳದಲ್ಲಿ ನಿಂತಿದ್ದೆ. ಸುನೀಲ ಹೂಂ ಸಾ, ಹೂಂ ಸಾ ಅನ್ನುತ್ತಲೇ ಇದ್ದ. ಮುಖದಲ್ಲಿ ಏನೂ ತೋರಲಿಲ್ಲ. ಮಾತು ಮುಗಿಸಿ ಫೋನನ್ನು ಜೇಬಿಗೆ ಹಾಕಿಕೊಂಡ.

"ಏನಂದ್ರು ಮಗ?" ಅಂದಳು ಬೈರಮ್ಮ.

"ಫೋನು ತೆಗೆಯೋ ಕೆಲಸಕ್ಕೆ ಒಂದನೇ ತಾರೀಕಿಂದ ಬಾ ಅಂದ್ರು. ಮಧ್ಯಾಹ್ನದವರ್ಗೂ. ಟೈಪಿಂದು ಬೇರೆಯೋರ್ಗೆ ಕೊಟ್ರಂತೆ. ದೊಡ್ಡ ಲ್ಯಾಪ್‌ಟಾಪು ತಗಂಡ್ರೆ ಆಗ ನೋಡಣ ಅಂದ್ರು."

"ಅಂದ್ರೆ ಅರ್ಧ ಕೆಲಸವಾ?"

"ಅರ್ಧ ಕೆಲಸ ಅವ್ವ."

ಬೈರಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ನನ್ನ ಕಡೆ ನೋಡಿದಳು. ದಿನಾ ಗೊರೂರಿನ ಮೇಲೆ ಹಾಸನದ ಬಸ್ಸು ಹಿಡಿದು ಹೋಗಿ ಬರಬೇಕು. ಟೈಪು ಮಾಡಲು ಕಲಿತ ಬೆರಳು ಫೋನು ಎತ್ತಿ ಇಡಬೇಕು.

"ಓಗ್ತೀಯಾ?" ಎಂದು ನಾನೇ ಕೇಳಿದೆ.

"ಓಗ್ತೀನಿ ದೊಡ್ಡವ್ವ. ಅಲ್ಲಿ ನನ್ ಬಾಯಿ ಸಾಕು" ಅಂದ. ಆಮೇಲೆ ಮತ್ತೆ ಫೋನು ತೆಗೆದು ಮಾನಸಾಳ ನಂಬರನ್ನು ಒತ್ತಿದ. ಈ ಸಲ ಅವಳು ಎತ್ತಿದಳು. ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಆಯ್ತು ಅಣ್ಣ, ಉಷಾರಾಗಿ ಬಸ್ ಹತ್ತು" ಎಂದಳು. ಮಗುವಿಗೆ ಕೊಡು ಅಂದ. ನಿದ್ದೆ ಮಾಡುತ್ತಿದೆ ಅಂದಳು. ಅವನು ಸರಿ ಎಂದು ಇಟ್ಟ.

ಡೈರಿಗೆ ಹೊತ್ತಾಗುತ್ತಿತ್ತು. ಬೈರಮ್ಮ ಕರುವನ್ನು ಬಿಟ್ಟು, ಅದು ನಾಲ್ಕು ಗುಟುಕು ಕುಡಿದ ಮೇಲೆ ಎಳೆದು ಗೂಟಕ್ಕೆ ಕಟ್ಟಿದಳು. ಸುನೀಲ ಹಸುವಿನ ಬೆನ್ನಿನ ಮೇಲೆ ಕೈ ಆಡಿಸಿಕೊಂಡು ಹಿಂದಕ್ಕೆ ಬಂದು ಕುಕ್ಕರಗಾಲಲ್ಲಿ ಕೂತ. ಕೆಚ್ಚಲನ್ನು ನೀರಿನಲ್ಲಿ ತೊಳೆದು ಒರೆಸಿದ. ಪಾತ್ರೆಯನ್ನು ಎರಡು ಮೊಣಕಾಲಿನ ನಡುವೆ ಒತ್ತಿ ಹಿಡಿದು ಹಾಲು ಕರೆಯತೊಡಗಿದ.